ಮರುಪಯಣದಲ್ಲಿ ಒಂದು ಜಿಜ್ಞಾಸೆ

ಪ್ರಯಾಣಕ್ಕೆ ಹೊರಡುವಾಗ ತಿಥಿ ವಾರ ನಕ್ಷತ್ರಗಳನ್ನು ನೋಡುವುದು, ದೇವರ ಮುಂದೆ ದೀಪ ಹಚ್ಚಿ, ಹಿರಿಯರಿಗೆ ನಮಸ್ಕರಿಸಿ ಹೊಸ್ತಿಲನ್ನು ದಾಟುವುದು ನಮ್ಮ ಮನೆಗಳಲ್ಲಿ ಇಂದಿಗೂ ಉಳಿದುಬಂದಿರುವ ಸಂಪ್ರದಾಯ. ಮರಳಿ ಬಂದವರಿಗೂ ಹಿಂದೆ ಒಂದು ಕ್ರಮವಿತ್ತು. ಕಾಶಿಗೆ ಹೋದವರು ಊರಿಗೆ ಹಿಂದಿರುಗಿದ ಬಳಿಕ ಸಮಾರಾಧನೆಯನ್ನು ಮಾಡಿ, ತಂದ ಗಂಗೋದಕವನ್ನು ಬಂಧುಗಳಿಗೂ ನೆರೆಹೊರೆಯವರಿಗೂ ಹಂಚಿದ ಮೇಲೆಯೇ ಯಾತ್ರೆ ಪೂರ್ಣವಾಯಿತೆಂದು ತಿಳಿಯುತ್ತಿದ್ದರು. ಹೋಗಲಾರದೆ ಮನೆಯಲ್ಲಿ ಉಳಿದವರಿಗೂ ಯಾತ್ರೆಯಲ್ಲಿ ಒಂದು ಪಾಲು ಉಂಟೆಂಬ ಭಾವನೆ ಅದರ ಹಿಂದಿತ್ತು. ಇಂದು ಯಾತ್ರೆಯ ಜೊತೆಗೆ, ಕೇವಲ ವಿಶ್ರಾಂತಿಗಾಗಿ ಮಾಡುವ ಪ್ರವಾಸಗಳೂ ಹೆಚ್ಚಿವೆ. ಅವುಗಳಿಂದ ಹಿಂದಿರುಗುವವನಿಗೆ ಕರ್ತವ್ಯವೆಂಬುದು ಏನಾದರೂ ಉಂಟೇ? ಉಂಟಾದರೆ ಅದು ಯಾರ ವಿಷಯದಲ್ಲಿ, ಎಷ್ಟರ ಮಟ್ಟಿಗೆ? ಕಳೆದ ಬೇಸಿಗೆಯಲ್ಲಿ, ನೆಲದಿಂದ ಹತ್ತು ಕಿಲೋಮೀಟರಿಗೂ ಹೆಚ್ಚು ಎತ್ತರದಲ್ಲಿ ಕುಳಿತಿದ್ದಾಗ ನನ್ನ ಮುಂದೆ ಬಂದ ಈ ಪ್ರಶ್ನೆಯನ್ನು ವಾಚಕರ ಮುಂದಿಡಲು ಇಚ್ಛಿಸುತ್ತೇನೆ.

ನಮ್ಮ ವಿವಾಹವಾಗಿ ಮೂವತ್ತನಾಲ್ಕು ವರ್ಷಗಳಾದುವು. ಇಷ್ಟು ಕಾಲದಲ್ಲಿ ನಾವಿಬ್ಬರೇ ಎಲ್ಲಿಗೂ ಹೋದವರಲ್ಲ. ಮಕ್ಕಳ ವಿದ್ಯಾಭ್ಯಾಸ, ನನ್ನ ಉದ್ಯೋಗದ ವರ್ಗಾವಣೆಗಳು, ಬಳಿಕ ನನ್ನ ತಾಯಿಯ ವೃದ್ಧಾಪ್ಯ ಹೀಗೆ ಒಂದಲ್ಲ ಒಂದು ಕಾರಣ. ತಾಯಿಗೆ ಈಗ ಎಂಬತ್ತಾರು ವರ್ಷ. ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಂದಿನಿಂದ ಹನ್ನೊಂದು ವರ್ಷ ಅವರ ಸ್ನಾನ, ಮಡಿ, ಊಟ, ಔಷಧ, ರಾತ್ರಿಯ ಎಚ್ಚರ ಎಲ್ಲವೂ ನನ್ನ ಪತ್ನಿಯ ಪಾಲಿಗೆ ಬಂದಿದ್ದುವು. ನಾನು ನಿವೃತ್ತನಾದ ಮೇಲೆ ಮಕ್ಕಳು ಒತ್ತಾಯಮಾಡಿ ನಮ್ಮನ್ನು ಒಂಬತ್ತು ದಿನಗಳ ಮಟ್ಟಿಗೆ ಡಾರ್ಜಿಲಿಂಗಿಗೆ ಕಳುಹಿಸಿದರು. ಶಿವಮೊಗ್ಗೆಯಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾಗಿರುವ ನನ್ನ ತಮ್ಮನ ಹೆಂಡತಿ, "ಶಾಲೆಗೆ ಹೇಗೂ ಬೇಸಿಗೆಯ ರಜೆ ಇದೆ. ಅತ್ತೆಯನ್ನು ನಾನು ನೋಡಿಕೊಳ್ಳುತ್ತೇನೆ. ಅಕ್ಕ, ನೀವು ಯೋಚನೆಯಿಲ್ಲದೆ ಹೋಗಿ ಬನ್ನಿ" ಎಂದು ತಮ್ಮನೊಡನೆ ಬೆಂಗಳೂರಿಗೆ ಬಂದು ನಿಂತಳು.

ಬೆಟ್ಟದ ಮೇಲಿನ ದಿನಗಳನ್ನು ಇಲ್ಲಿ ವರ್ಣಿಸುವ ಉದ್ದೇಶವಿಲ್ಲ. 8586 ಮೀಟರು ಎತ್ತರದ ಕಾಂಚನಜುಂಗಾ ಶಿಖರವು ಮೋಡಗಳ ನಡುವೆ ಎರಡೇ ಮುಂಜಾವುಗಳಲ್ಲಿ ನಮಗೆ ಕಾಣಿಸಿಕೊಂಡಿತು. 1881ರಲ್ಲಿ ಪೂರ್ಣಗೊಂಡ, ಎರಡೇ ಅಡಿ ಅಗಲದ ಹಳಿಯ ಮೇಲೆ ಓಡುವ ಪುಟ್ಟ ರೈಲಿನಲ್ಲಿ ಘೂಮ್ ನಿಲ್ದಾಣದವರೆಗೆ ಹೋಗಿಬಂದೆವು. ಇವೆಲ್ಲಕ್ಕಿಂತ ನನ್ನ ನೆನಪಿನಲ್ಲಿ ನಿಂತಿರುವುದು, ನನ್ನ ಪತ್ನಿ ರಾತ್ರಿಯಲ್ಲಿ ನಡುವೆ ಏಳದೆ ನಿದ್ರಿಸಿದಳೆಂಬುದು. ಮೊದಲ ಎರಡು ರಾತ್ರಿ ಮಾತ್ರ ಅಭ್ಯಾಸಬಲದಿಂದ ಎದ್ದು ಕುಳಿತು, ಎಲ್ಲಿದ್ದೇನೆಂದು ತಿಳಿಯದೆ ಸುತ್ತಲೂ ನೋಡಿದ್ದಳು.

ಹಿಂದಿರುಗುವ ದಿನ ಬೆಟ್ಟವನ್ನಿಳಿದು ಬಾಗ್‌ಡೋಗ್ರಾ ವಿಮಾನ ನಿಲ್ದಾಣಕ್ಕೆ ಬಂದೆವು. ಅಲ್ಲಿ ನಮ್ಮ ಪೆಟ್ಟಿಗೆಗಳನ್ನು ತೂಗಿದರು. ತಲೆಗೆ ಹದಿನೈದರಂತೆ ಇಬ್ಬರಿಗೆ ಮೂವತ್ತು ಕಿಲೋಗ್ರಾಮು ಮಾತ್ರ ಒಯ್ಯಬಹುದು. ನಮ್ಮದು ಮೂವತ್ತೆರಡಾಗಿತ್ತು. ಚಹದ ಪೊಟ್ಟಣಗಳನ್ನೂ, ಓರಗಿತ್ತಿಗೆಂದು ಕೊಂಡಿದ್ದ ಉಣ್ಣೆಯ ಶಾಲನ್ನೂ ಪೆಟ್ಟಿಗೆಯಿಂದ ತೆಗೆದು ಕೈಚೀಲಕ್ಕೆ ಹಾಕಿಕೊಳ್ಳಬೇಕಾಯಿತು. ಶಾಲು ಚೀಲದಲ್ಲಿ ಹಿಡಿಯದೆ ನನ್ನ ಪತ್ನಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ವಿಮಾನದಲ್ಲಿ ಕುಳಿತಳು. ಮುಂದಿನ ಮಾತಿಗೆಲ್ಲ ಆ ಶಾಲೇ ಕಾರಣವಾಯಿತು.

ವಿಮಾನವು ಹೊರಡುವ ಮುನ್ನ ಗಗನಸಖಿಯು ವಾಡಿಕೆಯಂತೆ ಸುರಕ್ಷತೆಯ ಸೂಚನೆಗಳನ್ನು ಕೊಟ್ಟಳು. ಒಳಗಿನ ಗಾಳಿಯ ಒತ್ತಡವು ಕಡಮೆಯಾದರೆ ಮೇಲಿನಿಂದ ಆಮ್ಲಜನಕದ ಮುಖವಾಡಗಳು ಇಳಿದುಬರುವುವು, ಮೊದಲು ನಿಮ್ಮದನ್ನು ಧರಿಸಿಕೊಳ್ಳಿರಿ, ಆಮೇಲೆ ಪಕ್ಕದವರಿಗೆ ನೆರವಾಗಿರಿ ಎಂಬುದು ಅವುಗಳಲ್ಲೊಂದು. ನನಗೆ ಅದು ಬಹಳ ಯುಕ್ತವಾದ ಮಾತೆಂದು ತೋರಿತು. ಪತ್ನಿಯ ಕಡೆಗೆ ತಿರುಗಿ, "ನೋಡು, ನಮ್ಮ ಪ್ರವಾಸವೂ ಹೀಗೆಯೇ. ನಿನ್ನ ಶರೀರಕ್ಕೆ ಬಲವಿದ್ದರಲ್ಲವೆ ನೀನು ಅಮ್ಮನನ್ನು ನೋಡಿಕೊಳ್ಳುವುದು? ಇನ್ನು ಮೇಲಾದರೂ ಮೊದಲು ನಿನ್ನದನ್ನು ನೋಡಿಕೋ" ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಎರಡು ವಾಕ್ಯ ಹೇಳಿದರು. ನೀವು ಒಂದನ್ನೇ ಕೇಳಿದಿರಿ" ಎಂದಳು.

ಆ ಸೂಚನೆಯ ಹಿಂದಿನ ಕಾರಣವನ್ನು ವಿಚಾರಮಾಡಿದರೆ ಅವಳ ಮಾತಿನ ಬೆಲೆ ತಿಳಿಯುತ್ತದೆ. ಅಷ್ಟು ಎತ್ತರದಲ್ಲಿ ಒತ್ತಡವು ಒಮ್ಮೆಲೇ ಇಳಿದರೆ ಮನುಷ್ಯನಿಗೆ ಸರಿಯಾದ ತಿಳಿವಳಿಕೆ ಇರುವುದು ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಮಾತ್ರ. ಅಷ್ಟರೊಳಗೆ ತಾನು ಉಸಿರಾಡುವ ವ್ಯವಸ್ಥೆ ಮಾಡಿಕೊಳ್ಳದವನು ಪಕ್ಕದ ಮಗುವಿಗಾಗಲಿ ಮುದುಕರಿಗಾಗಲಿ ಏನನ್ನೂ ಮಾಡಲಾರ. ಆದುದರಿಂದಲೇ 'ಮೊದಲು ನಿಮಗೆ' ಎಂಬ ನಿಯಮ. ಆದರೆ ಆ 'ಮೊದಲು' ಎಂಬುದರ ಅವಧಿ ಕೆಲವೇ ಕ್ಷಣಗಳು. ಮುಖವಾಡವನ್ನು ಧರಿಸಿದವನು ಅನಂತರ ಸುಖವಾಗಿ ಒರಗಿಕೊಳ್ಳಲೆಂದು ಆ ನಿಯಮವನ್ನು ಮಾಡಿಲ್ಲ. ಕೈಗೆ ಬಲ ಬಂದೊಡನೆ ಪಕ್ಕಕ್ಕೆ ತಿರುಗಲೆಂದೇ ಮಾಡಿದೆ. ವಿಶ್ರಾಂತಿಯು ದೋಷವಲ್ಲ. ಅದು ಅವಶ್ಯ. ಆದರೆ ವಿಶ್ರಾಂತಿ ಪಡೆದವನು ತಿರುಗಿ ನೋಡಬೇಕಾದ ಪಕ್ಕವೊಂದಿದೆ.

"ಅದಕ್ಕಾಗಿ ಶಾಲು ತಂದಿದ್ದೇವಲ್ಲ" ಎಂದೆ.

ಅವಳು ಶಾಲಿನ ಮಡಿಕೆಯನ್ನು ಸರಿಪಡಿಸುತ್ತ ಹೇಳಿದಳು: "ಅವಳು ಪ್ರತಿ ಬೇಸಿಗೆಯ ರಜೆಯಲ್ಲೂ ಸಾಗರಕ್ಕೆ ಹೋಗಿ ತಾಯಿಯ ಜೊತೆ ಇರುತ್ತಾಳೆ. ಆಕೆಗೂ ಎಂಬತ್ತರ ಹತ್ತಿರ. ಮನೆಯಲ್ಲಿ ಒಬ್ಬರೇ. ವರ್ಷವೆಲ್ಲ ಆ ಕೆಲವು ದಿನಗಳನ್ನೇ ಕಾಯುತ್ತಿರುತ್ತಾರೆ. ಈ ಸಲ ಆ ದಿನಗಳನ್ನು ನಾವು ತೆಗೆದುಕೊಂಡೆವು. ಅವಳು ಅದನ್ನು ನಮಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಬೆಟ್ಟದ ಮೇಲೆ ಎರಡನೆಯ ರಾತ್ರಿ ಎಚ್ಚರವಾದಾಗ ನನಗೆ ಹೊಳೆಯಿತು. ನಿಮ್ಮ ಸಂತೋಷ ಕೆಡಬಾರದೆಂದು ಇಷ್ಟು ದಿನ ಸುಮ್ಮನಿದ್ದೆ."

ನಾನು ಲೋಕಾರೂಢಿಯ ಸಮಾಧಾನವನ್ನೇ ಹೇಳಿದೆ. ಮನೆಯೊಳಗಿನ ವಿಷಯಕ್ಕೆ ಲೆಕ್ಕಪತ್ರವನ್ನು ತರಬಾರದು, ಅವಳು ಪ್ರೀತಿಯಿಂದ ಮಾಡಿದ್ದಾಳೆ, ಪ್ರೀತಿಗೆ ಬೆಲೆಕಟ್ಟಿದರೆ ಅದಕ್ಕೆ ಅವಮಾನ ಮಾಡಿದಂತೆ ಎಂದೆ. ಇದು ಸುಳ್ಳು ವಾದವೇನೂ ಅಲ್ಲ. ಅಣ್ಣತಮ್ಮಂದಿರ ನಡುವೆ ಕೊಟ್ಟುದಕ್ಕೂ ಕೊಂಡುದಕ್ಕೂ ಚೀಟಿ ಬರೆದಿಡುವ ಮನೆಯಲ್ಲಿ ವಾತ್ಸಲ್ಯವು ಉಳಿಯಲಾರದು. ಆದರೆ ಅವಳು ಕೊಟ್ಟ ಉತ್ತರವನ್ನು ನಾನು ಇಂದಿಗೂ ಮರೆತಿಲ್ಲ.

"ಲೆಕ್ಕ ಇಡಬಾರದವರು ಕೊಟ್ಟವರು. ಪಡೆದವರು ಇಡಬೇಕು."

ಈ ಮಾತು ನನ್ನನ್ನೇ ಮುಟ್ಟಿತು. ಹನ್ನೊಂದು ವರ್ಷ ನನ್ನ ತಾಯಿಗಾಗಿ ರಾತ್ರಿ ಎದ್ದವಳು ಅದನ್ನು ಎಣಿಸಿರಲಿಲ್ಲ. ಅವಳು ಎಣಿಸಲಿಲ್ಲವೆಂದು ನಾನೂ ಎಣಿಸಿರಲಿಲ್ಲ. ಕೊಡುವವರ ಔದಾರ್ಯವನ್ನೇ ಪಡೆಯುವವನು ತನ್ನ ಮರೆವಿಗೆ ನೆಪಮಾಡಿಕೊಳ್ಳುವುದು ಎಷ್ಟು ಸುಲಭ! ಕೊಟ್ಟವರೂ ಮರೆತು, ಪಡೆದವರೂ ಮರೆತರೆ ಅದನ್ನು ಪ್ರೀತಿಯೆಂದು ಕರೆಯಲಾದೀತೇ? ಅಲ್ಲಿ ಒಬ್ಬರು ಸವೆಯುತ್ತಾರೆ, ಇನ್ನೊಬ್ಬರಿಗೆ ಅದು ಕಾಣುವುದೇ ಇಲ್ಲ. ಅವಳು ನನ್ನನ್ನು ಆಕ್ಷೇಪಿಸುವುದಕ್ಕಾಗಿ ಆ ಮಾತನ್ನಾಡಿರಲಿಲ್ಲ. ಓರಗಿತ್ತಿಯ ತಾಯಿಯನ್ನು ನೆನೆದು ಆಡಿದ್ದಳು. ಅದರಿಂದಲೇ ನನಗೆ ಮತ್ತಷ್ಟು ನಾಚಿಕೆಯಾಯಿತು.

ಆಗ ನನಗೆ ಸ್ಮರಣೆಗೆ ಬಂದುದು ಶ್ರೀಮದ್ರಾಮಾಯಣದ ಯುದ್ಧಕಾಂಡದ ಕೊನೆಯ ಭಾಗ. ದಂಪತಿಗಳು ವಿಮಾನವನ್ನೇರಿ ಮನೆಗೆ ಮರಳಿದ ಕಥೆ ನಮಗೆ ಹೊಸದಲ್ಲ. ಕಾಳಿದಾಸನು ರಘುವಂಶದ ಹದಿಮೂರನೆಯ ಸರ್ಗವನ್ನು ಪುಷ್ಪಕದಲ್ಲಿ ನಡೆದ ಆ ಮರುಪಯಣಕ್ಕಾಗಿಯೇ ಮೀಸಲಿಟ್ಟಿದ್ದಾನೆ. ಶ್ರೀರಾಮನು ಸೀತೆಗೆ ಸೇತುವೆಯನ್ನೂ ಕಿಷ್ಕಿಂಧೆಯನ್ನೂ ಪಂಪೆಯನ್ನೂ ಗೋದಾವರಿಯನ್ನೂ ಮೇಲಿನಿಂದ ತೋರಿಸಿದ ಪ್ರಸಂಗವನ್ನು ನಾವೆಲ್ಲ ಪ್ರವಚನಗಳಲ್ಲಿ ಕೇಳಿ ಆನಂದಪಟ್ಟಿದ್ದೇವೆ. ಆದರೆ ಆ ಪ್ರಯಾಣದ ಆದ್ಯಂತವೂ ಅವನ ಮನಸ್ಸಿನಲ್ಲಿದ್ದವನು ಮನೆಯಲ್ಲಿ ಉಳಿದ ಭರತನೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ.

ಹೊರಡುವ ಮುನ್ನವೇ ವಿಭೀಷಣನು ಮಂಗಳಸ್ನಾನಕ್ಕೂ ವಸ್ತ್ರಾಭರಣಗಳಿಗೂ ಅಣಿಮಾಡಿ ಪ್ರಾರ್ಥಿಸಿದಾಗ ಶ್ರೀರಾಮನು ಒಪ್ಪಲಿಲ್ಲ. ತನಗಾಗಿ ಭರತನು ಕಷ್ಟಪಡುತ್ತಿರುವಾಗ ಸ್ನಾನವೂ ಆಭರಣವೂ ತನಗೆ ರುಚಿಸವೆಂದನು. ಭರದ್ವಾಜಾಶ್ರಮದಲ್ಲಿ ಇಳಿದವನು ನೇರವಾಗಿ ಅಯೋಧ್ಯೆಗೆ ಹೋಗದೆ ಹನುಮಂತನನ್ನು ಮುಂದಾಗಿ ನಂದಿಗ್ರಾಮಕ್ಕೆ ಕಳುಹಿಸಿದನು. ಅಲ್ಲಿ ಭರತನು ಜಟಾಧಾರಿಯಾಗಿ, ನಾರುಮಡಿಯನ್ನುಟ್ಟು, ಕೃಶನಾಗಿ, ಪಾದುಕೆಗಳನ್ನು ಮುಂದಿಟ್ಟುಕೊಂಡು ರಾಜ್ಯವನ್ನು ನಡೆಸುತ್ತಿದ್ದನು. ಅಣ್ಣನು ಬಂದೊಡನೆ ಆ ಪಾದುಕೆಗಳನ್ನು ಅವನ ಪಾದಗಳಿಗೆ ತೊಡಿಸಿ, ಇಟ್ಟ ನ್ಯಾಸವನ್ನು ಒಪ್ಪಿಸುವಂತೆ ರಾಜ್ಯವನ್ನು ಒಪ್ಪಿಸಿದನು. ಕೋಶವೂ ಕಣಜವೂ ಸೈನ್ಯವೂ ಹತ್ತುಪಟ್ಟಾಗಿವೆಯೆಂದನು. ತಾನು ಪಟ್ಟ ಕ್ಲೇಶದ ಲೆಕ್ಕವನ್ನು ಮಾತ್ರ ಅವನು ಒಪ್ಪಿಸಲಿಲ್ಲ. ಆ ಲೆಕ್ಕವು ಶ್ರೀರಾಮನಲ್ಲಿತ್ತು. ಪಟ್ಟಾಭಿಷೇಕಕ್ಕೆ ಮುನ್ನ ಜಟೆಯನ್ನು ಬಿಡಿಸಿ ಸ್ನಾನಮಾಡುವ ಸಂದರ್ಭದಲ್ಲಿ ಮೊದಲು ಭರತನ ಸ್ನಾನ, ಬಳಿಕ ಲಕ್ಷ್ಮಣ ಸುಗ್ರೀವ ವಿಭೀಷಣರದು, ಅವರೆಲ್ಲರದೂ ಆದಮೇಲೆ ಶ್ರೀರಾಮನದು ಎಂದು ಮಹರ್ಷಿಗಳು ಕ್ರಮವನ್ನು ಹೇಳುತ್ತಾರೆ. ಹದಿನಾಲ್ಕು ವರ್ಷ ಕಾಡಿನಲ್ಲಿದ್ದು ಬಂದವನು, ಮನೆಯಲ್ಲಿ ಉಳಿದು ಸವೆದವನ ಆಯಾಸವು ಮೊದಲು ಪರಿಹಾರವಾಗಲೆಂದು ಕಾದನು. ಇನ್ನು, ತನ್ನನ್ನು ಹೊತ್ತು ತಂದ ಪುಷ್ಪಕವನ್ನು ಅದರ ಒಡೆಯನಾದ ಕುಬೇರನಿಗೇ ಮರಳಿ ಕಳುಹಿಸಿದನು. ಎರವಲು ಪಡೆದ ವಸ್ತುವನ್ನು ಕೆಲಸವಾದೊಡನೆ ಒಡೆಯನಿಗೆ ಮುಟ್ಟಿಸಬೇಕೆಂಬ ಪಾಠವೂ ಆ ಮರುಪಯಣದಲ್ಲಿಯೇ ಇದೆ.

ಹಾಗಾದರೆ ದಿನಗಳನ್ನು ಎರವಲು ಪಡೆದವನು ಅವನ್ನು ಹೇಗೆ ಮುಟ್ಟಿಸಬೇಕು? ಋಣದ ವಿಚಾರದಲ್ಲಿ ನಮ್ಮ ಪ್ರಾಚೀನರ ದೃಷ್ಟಿ ಬಹಳ ಸ್ಪಷ್ಟವಾಗಿದೆ. ತೈತ್ತಿರೀಯ ಸಂಹಿತೆಯು ಋಷಿಋಣ, ದೇವಋಣ, ಪಿತೃಋಣವೆಂದು ಮೂರನ್ನು ಹೇಳಿದರೆ, ಶತಪಥ ಬ್ರಾಹ್ಮಣವು ಮನುಷ್ಯರ ಋಣವೆಂಬ ನಾಲ್ಕನೆಯದನ್ನೂ ಸೇರಿಸುತ್ತದೆ. ಇವುಗಳಲ್ಲಿ ಒಂದೊಂದಕ್ಕೂ ತೀರಿಸುವ ಮಾರ್ಗ ಬೇರೆಬೇರೆ. ಋಷಿಋಣವು ಅಧ್ಯಯನದಿಂದ, ದೇವಋಣವು ಯಜ್ಞದಿಂದ, ಪಿತೃಋಣವು ಸಂತಾನದಿಂದ, ಮನುಷ್ಯಋಣವು ಬಂದವರಿಗೆ ನೆಲೆಯನ್ನೂ ಅನ್ನವನ್ನೂ ಕೊಡುವುದರಿಂದ ತೀರುತ್ತದೆ. ಯಜ್ಞವನ್ನು ಎಷ್ಟು ವೈಭವದಿಂದ ಮಾಡಿದರೂ ಅಧ್ಯಯನದ ಋಣವು ಅದರಿಂದ ಇಳಿಯದು. ಎಂದಮೇಲೆ ಯಾವ ಬಗೆಯದನ್ನು ಪಡೆದೆವೋ ಅದೇ ಬಗೆಯದರಿಂದ ತೀರಿಸುವುದೇ ನ್ಯಾಯವೆಂದು ತೋರುತ್ತದೆ. ಹಣವನ್ನು ಪಡೆದವನು ಹಣದಿಂದ ತೀರಿಸಬಹುದು. ಇನ್ನೊಬ್ಬರ ಬಿಡುವನ್ನು ಪಡೆದವನು ಬಿಡುವನ್ನೇ ಕೊಡಬೇಕು. ಉಡುಗೊರೆಯು ಪ್ರೀತಿಯ ಗುರುತು. ಅದನ್ನು ಕೊಡಬಾರದೆಂದಲ್ಲ. ಆದರೆ ಅದನ್ನು ಕೊಟ್ಟು ಋಣ ತೀರಿತೆಂದು ಕೈತೊಳೆದುಕೊಳ್ಳುವುದು ತಪ್ಪು. ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಆರಿಸಿದ ಶಾಲೊಂದು ಒಂಬತ್ತು ರಾತ್ರಿಯ ಎಚ್ಚರಕ್ಕೆ ಸಮವಾಗಲಾರದು.

ಇಷ್ಟನ್ನು ಮಾತನಾಡುವ ವೇಳೆಗೆ ವಿಮಾನವು ಬಹು ದೂರ ಬಂದಿತ್ತು. ಬಾಗ್‌ಡೋಗ್ರಾದಿಂದ ಬೆಂಗಳೂರಿಗೆ ನಕ್ಷೆಯ ಮೇಲೆ ನೇರವಾಗಿ ಗೆರೆಯೆಳೆದರೆ ಅದು ಗಂಗೆ, ಮಹಾನದಿ, ಗೋದಾವರಿ, ಕೃಷ್ಣೆಯರನ್ನು ಒಂದೊಂದಾಗಿ ದಾಟುತ್ತದೆ. ರೈಲಿನಲ್ಲಿ ಸುಮಾರು ಎರಡು ದಿನ ಹಿಡಿಯುವ ಆ ಹಾದಿಯನ್ನು ವಿಮಾನವು ಮೂರು ಗಂಟೆಗಳಲ್ಲಿ ಮುಗಿಸುತ್ತದೆ. ಇದರಲ್ಲಿ ಅನುಕೂಲದಷ್ಟೇ ಅನನುಕೂಲವೂ ಇದೆಯೆಂದು ನನಗೆ ಅನ್ನಿಸಿತು. ಕಾಲ್ನಡೆಯಲ್ಲೋ ರೈಲಿನಲ್ಲೋ ಮರಳುವವನ ಮನಸ್ಸು ಹಾದಿಯುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಮನೆಯ ಕಡೆಗೆ ತಿರುಗುತ್ತಿತ್ತು. ವಿಮಾನದಲ್ಲಿ ಶರೀರವು ಮೊದಲು ಬಂದು ಇಳಿದುಬಿಡುತ್ತದೆ. ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡವನ್ನು ಸುಮಾರು 2000ದಿಂದ 2400 ಮೀಟರು ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ನಿಲ್ಲಿಸಿರುತ್ತಾರೆ. ಡಾರ್ಜಿಲಿಂಗಿನ ಎತ್ತರವೂ ಹೆಚ್ಚುಕಡಮೆ ಅಷ್ಟೇ. ಎಂದರೆ, ಪೆಟ್ಟಿಗೆ ಕಟ್ಟಿಕೊಂಡು ಹೊರಟಿದ್ದರೂ ನಾವು ಇನ್ನೂ ಬೆಟ್ಟದ ಗಾಳಿಯನ್ನೇ ಉಸಿರಾಡುತ್ತಿದ್ದೆವು. ಮನಸ್ಸಿಗೆ ಇಳಿಯಲು ಉಳಿದಿದ್ದ ಕಾಲ ಇಷ್ಟೇ.

ಗೋದಾವರಿಯನ್ನು ದಾಟಿರಬೇಕೆಂದು ನಾನು ಅಂದಾಜುಮಾಡಿದಾಗ ಕೆಳಗೆ ಮೋಡಗಳಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ನಿತ್ಯವೂ ಸಂಕಲ್ಪದಲ್ಲಿ ಗೋದಾವರಿಯ ದಕ್ಷಿಣತೀರದವರೆಂದು ಹೇಳಿಕೊಳ್ಳುವ ನಾವು ಮತ್ತೆ ಆ ಸೀಮೆಗೆ ಬಂದಿದ್ದೆವು. ಸಂಕಲ್ಪವೆಂದರೆ ದೇಶಕಾಲಗಳನ್ನು ಉಚ್ಚರಿಸುವುದಷ್ಟೇ ಅಲ್ಲವಲ್ಲ! ಇಂಥದನ್ನು ಮಾಡುತ್ತೇನೆಂಬ ನಿಶ್ಚಯವೂ ಅದರಲ್ಲಿರಬೇಕು. ನಾವಿಬ್ಬರೂ ಅಲ್ಲಿಯೇ ಕುಳಿತು ನಿಶ್ಚಯಿಸಿದೆವು. ಶಾಲೆ ತೆರೆಯಲು ಇನ್ನೂ ಒಂದು ವಾರವಿತ್ತು. ನಾವು ಬಂದಮೇಲೂ ಎರಡು ಮೂರು ದಿನ ನಿಂತು ಕೈಗೂಡಿಸುವೆನೆಂದು ಓರಗಿತ್ತಿ ಹೇಳಿದ್ದಳು. ಅದಕ್ಕೆ ಒಪ್ಪದೆ, ಅವರಿಬ್ಬರನ್ನೂ ಮರುದಿನವೇ ತಾಳಗುಪ್ಪದ ರೈಲಿನಲ್ಲಿ ಸಾಗರಕ್ಕೆ ಕಳುಹಿಸುವುದು. ಪ್ರತಿವರ್ಷ ನವರಾತ್ರಿಯಲ್ಲಿ ನಮ್ಮ ಮನೆಯ ಅಡಿಗೆಗೆ ಬಂದು ನಿಲ್ಲುವವಳು ಅವಳೇ. ಈ ವರ್ಷ ಆ ಹೊಣೆಯನ್ನು ನಾವೇ ಹೊತ್ತು, ದಸರೆಯ ರಜೆಯನ್ನು ಪೂರ್ತಿಯಾಗಿ ಅವಳ ತಾಯಿಗೆ ಬಿಟ್ಟುಕೊಡುವುದು. ಒಂಬತ್ತು ದಿನಗಳಿಗೆ ಒಂಬತ್ತು ದಿನ. ಲೆಕ್ಕವು ಸರಿಹೋಯಿತೆಂದು ನಾನು ಹೇಳಹೊರಟು ತಡೆದುಕೊಂಡೆ. ಎಂಬತ್ತರ ವಯಸ್ಸಿನಲ್ಲಿ ವೈಶಾಖದ ದಿನಗಳಿಗೆ ಬದಲಾಗಿ ಆಶ್ವಯುಜದ ದಿನಗಳನ್ನು ಕೊಡುತ್ತೇವೆಂಬ ಭರವಸೆಯನ್ನು ಮನುಷ್ಯರು ಕೊಡಬಲ್ಲರೇ? ಕಳೆದ ದಿನಗಳು ಕಳೆದುವು. ಅವನ್ನು ನಾವು ಪಡೆದೆವೆಂದು ಬಾಯಿಬಿಟ್ಟು ಹೇಳುವುದು, ಉಳಿದುದನ್ನು ಮಾಡುವುದು, ಇಷ್ಟೇ ನಮ್ಮ ಕೈಯಲ್ಲಿರುವುದು.

ಕಿವಿಗಳು ಕಟ್ಟಿಕೊಂಡು ವಿಮಾನವು ಇಳಿಯತೊಡಗಿತು. ದೇವನಹಳ್ಳಿಯಿಂದ ಮನೆಯನ್ನು ಸೇರುವಾಗ ರಾತ್ರಿ ಒಂಬತ್ತು ಗಂಟೆ. ತಮ್ಮನ ಹೆಂಡತಿ ನಗುತ್ತ ಬಾಗಿಲನ್ನು ತೆರೆದಳು. ನಮಗಾಗಿ ಬಿಸಿನೀರು ಕಾಯಿಸಿ, ಸಾರು ಮಾಡಿಟ್ಟಿದ್ದಳು. ಹಿಂದಿನ ದಿನ ದ್ವಾದಶಿ. ಅಮ್ಮನ ಪಾರಣೆಗಾಗಿ ನಸುಕಿನಲ್ಲೇ ಎದ್ದು ಮಡಿಯಲ್ಲಿ ಅಡಿಗೆಮಾಡಿದ್ದಳೆಂದು ತಮ್ಮನು ಹೇಳಿದ. ಅವಳ ಕಣ್ಣುಗಳ ಕೆಳಗಿನ ಕಪ್ಪನ್ನು ನಾನು ಅಂದು ನೋಡಿದೆ. ಅಂಥ ಕಪ್ಪನ್ನು ನನ್ನ ಪತ್ನಿಯ ಮುಖದಲ್ಲಿ ಹನ್ನೊಂದು ವರ್ಷ ಕಂಡಿದ್ದರೂ ನೋಡಿರಲಿಲ್ಲ.

ನನ್ನ ಪತ್ನಿ ಶಾಲನ್ನು ಕೊಡುವುದಕ್ಕೆ ಮೊದಲೇ ಸಾಗರದ ವಿಷಯವನ್ನು ಎತ್ತಿದಳು. "ನಿನ್ನ ಅಮ್ಮನ ದಿನಗಳನ್ನು ನಾವು ತೆಗೆದುಕೊಂಡೆವಮ್ಮ. ನಾಳೆಯೇ ಹೊರಡಿ" ಎಂದಳು. ಅವಳು, "ಅಯ್ಯೋ, ಅದೇನು ಅಕ್ಕ, ಹಾಗೆಲ್ಲ ಹೇಳಬೇಡಿ" ಎಂದು ಅಡಿಗೆಮನೆಗೆ ಹೋದಳು. ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಬಂದಾಗ, "ಅಮ್ಮನಿಗೆ ಈಗಲೇ ಫೋನ್ ಮಾಡಲೇ? ಮಲಗಿರುತ್ತಾಳೋ ಏನೋ" ಎಂದು ಕೇಳಿದಳು. ಅಷ್ಟರಲ್ಲಿ ಅವಳ ಕೈ ಫೋನನ್ನು ಹುಡುಕುತ್ತಿತ್ತು.

ಆ ರಾತ್ರಿ ತಾಯಿಯ ಹಾಸಿಗೆಯ ಪಕ್ಕದಲ್ಲಿ ನಾನು ಚಾಪೆ ಹಾಸಿಕೊಂಡೆ. "ನಿಮಗೆ ಗೊತ್ತಾಗುವುದಿಲ್ಲ, ಬಿಡಿ" ಎಂದು ಇಬ್ಬರೂ ಹೇಳಿದರು. ಕಲಿಯುತ್ತೇನೆಂದೆ. ಒಂದೂವರೆಗೊಮ್ಮೆ, ನಾಲ್ಕಕ್ಕೊಮ್ಮೆ ಅಮ್ಮ ಕರೆದರು. ಎರಡು ಸಲವೂ ಅವರು ಕರೆದದ್ದು ಸೊಸೆಯ ಹೆಸರನ್ನು ಹಿಡಿದು. ನಾನು ಎದ್ದು ನೀರು ಕೊಟ್ಟೆ. ಕತ್ತಲಲ್ಲಿ ನನ್ನ ಕೈಯನ್ನು ತಡವಿ, "ನೀನೇಕೆ ಎದ್ದೆಯೋ? ಅವಳೆಲ್ಲಿ?" ಎಂದು ಕೇಳಿದರು. ಮಲಗಿದ್ದಾಳಮ್ಮ ಎಂದೆ. "ಮಲಗಲಿ. ಅವಳಿಗೆ ನಿದ್ದೆಯೇ ಇಲ್ಲ" ಎಂದರು. ತಾಯಿಗೆ ತಿಳಿದಿದ್ದ ಲೆಕ್ಕವು ಮಗನಿಗೆ ತಿಳಿಯಲು ಇಷ್ಟು ದೂರ ಹೋಗಿಬರಬೇಕಾಯಿತು.

ವಾಚಕರಲ್ಲಿ ಅನೇಕರು ಈ ರಜೆಯಲ್ಲಿ ಹೋಗಿಬಂದಿರಬಹುದು, ಮುಂದಿನ ರಜೆಯಲ್ಲಿ ಹೊರಡಲಿರಬಹುದು. ದಂಪತಿಗಳು ನಾಲ್ಕು ದಿನ ಜೊತೆಯಾಗಿ ಕಳೆಯುವುದು ಒಳ್ಳೆಯದೇ. ಸಂಕೋಚಪಡದೆ ಹೋಗಿಬನ್ನಿರಿ. ಮರಳುವಾಗ, ವಿಮಾನವು ಇಳಿಯುವುದಕ್ಕೆ ಮೊದಲು ಒಂದು ಪ್ರಶ್ನೆಯನ್ನು ಮಾತ್ರ ಪರಸ್ಪರ ಕೇಳಿಕೊಳ್ಳಿರಿ: ಈ ದಿನಗಳನ್ನು ನಮಗೆ ಕೊಟ್ಟವರು ಯಾರು? ಅದಕ್ಕಾಗಿ ಅವರು ಬಿಟ್ಟದ್ದು ಏನು? ಉತ್ತರವು ದೊರೆತರೆ, ಮನೆಯನ್ನು ಸೇರಿದ ಮೇಲೆ ಮೊದಲು ಮಾಡಬೇಕಾದ ಕೆಲಸವೂ ದೊರೆತಂತೆಯೇ.